ಬೆಣಚರು, ತೇಲರು ಮತ್ತು ಒಂದು ಮೂಲೆ ಅಂಗಡಿ

ಆ ಬೀದಿಯ ಟೈಲರನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಬಳಸುವ ಸಂದರ್ಭ ಮಾತ್ರ ಯಾರಿಗೂ ಬರಲಿಲ್ಲ. ಅಂಗಿ ಕೇಳಿದರೆ ನಾಳೆ, ಪ್ಯಾಂಟು ಕೇಳಿದರೆ ನಾಳೆ, ಮದುವೆ ಇವತ್ತೇ ಮಾರಾಯ ಎಂದು ಮದುಮಗನೇ ಬಂದು ಬಾಗಿಲಲ್ಲಿ ನಿಂತರೂ ನಾಳೆ. ಹಾಗಾಗಿ ಬೀದಿಯವರು ಅವನನ್ನು ನಾಳೆಯಪ್ಪ ಎಂದು ಕರೆದರು. ಅವನೂ ಓಗೊಟ್ಟ.

ನಾಳೆಯಪ್ಪ ಸೋಮಾರಿಯಲ್ಲ. ಅವನಿಗಿದ್ದದ್ದು ಜಾಗದ ಕೊರತೆ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಒಂದು ಇಸ್ತ್ರಿಪೆಟ್ಟಿಗೆ ಇಟ್ಟ ಮೇಲೆ ಉಳಿದ ಜಾಗದಲ್ಲಿ ಗಿರಾಕಿ ಉಸಿರು ಬಿಡಬಹುದಿತ್ತು, ಎಳೆದುಕೊಳ್ಳಬೇಕಾದರೆ ಹೊರಗೆ ಹೋಗಬೇಕಿತ್ತು. ಟ್ರಯಲ್ ರೂಮು ಎಂದರೆ ಬಾಗಿಲ ಹಿಂದೆ ಹಗ್ಗಕ್ಕೆ ಇಳಿಬಿಟ್ಟ ಒಂದು ಪರದೆ. ಅದೂ ಮೊಣಕಾಲಿಗೇ ಮುಗಿದುಹೋಗುತ್ತಿತ್ತು. ಬ್ಯಾಂಕ್ ಮ್ಯಾನೇಜರರು ಒಮ್ಮೆ ಆ ಪರದೆಯ ಹಿಂದೆ ಒಂದು ಕಾಲನ್ನು ಪ್ಯಾಂಟಿಗೆ ತೂರಿಸಿ ಇನ್ನೊಂದನ್ನು ಎತ್ತುವಾಗ ಆಯತಪ್ಪಿ, ಹಗ್ಗ ಪರದೆ ಸಮೇತ ನಡುಬೀದಿಗೆ ಬಂದು ಕೂತರು. ಎದ್ದು ನಿಂತು, ಎಲ್ಲರಿಗೂ ನಮಸ್ಕಾರ ಹೇಳಿ, ಮತ್ತೆ ಆ ಬೀದಿಯಲ್ಲಿ ಕಾಲಿಡಲಿಲ್ಲ. ಒಬ್ಬ ಸಭ್ಯ ಗಿರಾಕಿಯನ್ನು ಕಳೆದುಕೊಂಡ ಅವಮಾನ ನಾಳೆಯಪ್ಪನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದುಬಿಟ್ಟಿತ್ತು.

ಆದ್ದರಿಂದಲೇ, ಸಾಲಿನ ಕೊನೆಯ ಮೂಲೆ ಅಂಗಡಿಯ ಗಡಿಯಾರ ರಿಪೇರಿಯವರು ಅಂಗಡಿ ಬಿಟ್ಟು ಮಗಳ ಊರಿಗೆ ಹೊರಟಾಗ ನಾಳೆಯಪ್ಪನ ಕಣ್ಣು ಅರಳಿತು. ಎರಡು ಕಡೆ ರಸ್ತೆ. ಒಳಗೊಂದು ಪುಟ್ಟ ಕೋಣೆ. ಆ ಕೋಣೆಗೆ ಬಾಗಿಲು, ಬಾಗಿಲಿಗೆ ಚಿಲಕ! ಅಲ್ಲಿ ಜಿಲ್ಲಾಧಿಕಾರಿಯೂ ನಿಶ್ಚಿಂತೆಯಿಂದ ಪ್ಯಾಂಟು ಕಳಚಬಹುದು.

ಆದರೆ ಪಕ್ಕದ ಅಂಗಡಿಯವನ ಕಣ್ಣೂ ಅಷ್ಟೇ ಅರಳಿತ್ತು. ಅವನು ಸಾಕುವ ಬಣ್ಣದ ಮೀನುಗಳನ್ನು ಮಾರುವವನು. ಗಾಜಿನ ತೊಟ್ಟಿಗಳಲ್ಲಿ ಗಾಳಿಯ ಪಂಪುಗಳು ಇಡೀ ದಿನ ಗುಳುಗುಳು ಎನ್ನುತ್ತಿದ್ದುದರಿಂದ ಅವನು ಗುಳುಗುಳಣ್ಣ. ಇಡೀ ಸಾಲಿನ ಯಜಮಾನಿ ಓನರಮ್ಮ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: "ನಿಮ್ಮಿಬ್ಬರಲ್ಲಿ ಈ ಸಾಲಿಗೆ ಯಾರು ಮೊದಲು ಬಂದೋರೋ ಅವರಿಗೇ ಮೂಲೆ ಅಂಗಡಿ. ಬರೋ ತಿಂಗಳು ಮೊದಲನೇ ಭಾನುವಾರ ಬರ್ತೀನಿ. ಅಷ್ಟರಲ್ಲಿ ಯಾರು ಅಂತ ತೀರ್ಮಾನ ಮಾಡ್ಕೊಂಡಿರಿ."

ತೀರ್ಮಾನ ಸುಲಭವಿರಲಿಲ್ಲ. ಇಬ್ಬರೂ ಬಂದದ್ದು ಒಂದೇ ಬೇಸಿಗೆಯಲ್ಲಿ. ನಾಳೆಯಪ್ಪನ ಪ್ರಕಾರ ತಾನು ಬಂದ ದಿನ ಪಕ್ಕದ ಬಾಗಿಲಿಗೆ ಬೀಗ ಬಿದ್ದಿತ್ತು. ಗುಳುಗುಳಣ್ಣನ ಪ್ರಕಾರ, ಆ ಬೀಗ ಹಾಕಿಕೊಂಡು ಊಟಕ್ಕೆ ಹೋಗಿದ್ದವನು ತಾನೇ.

ಇದು ಹೀಗಿರುವಾಗ ನಾಳೆಯಪ್ಪನಿಗೆ ಇನ್ನೊಂದು ತಲೆನೋವು. ಗುಳುಗುಳಣ್ಣನ ತೊಟ್ಟಿಗಳಲ್ಲಿ ಒಂದು ಸೋರುತ್ತಿತ್ತು. ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಮೀನುಗಳು ಬಾಯಿ ತೆರೆಯುತ್ತಿದ್ದವೇ ಹೊರತು ಹೇಳುತ್ತಿರಲಿಲ್ಲ. ನೀರು ನಡುಗೋಡೆಯಲ್ಲಿ ಇಳಿದು ನಾಳೆಯಪ್ಪನ ಕಡೆ ದೊಡ್ಡ ಹಸಿಕಲೆಯಾಗಿ ಕಾಣಿಸಿಕೊಂಡಿತು. ಕಲೆ ಮುಚ್ಚಲು ಏನಾದರೂ ತೂಗುಹಾಕಬೇಕಿತ್ತು. ಆಗ ಅವನ ಅಕ್ಕನ ಮಗಳು ಮನೆಯಿಂದ ಒಂದು ದೊಡ್ಡ ಹಾಳೆ ತಂದಳು.

ಈ ಹುಡುಗಿ ಡಿಗ್ರಿ ಮುಗಿಸಿ, ಕೆಲಸ ಸಿಗುವ ತನಕ ಎಂದು ಮಾವನ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ ಇದ್ದಳು. ಮಾತು ಕಡಿಮೆ; ಇದ್ದ ಮಾತೂ ಹಲ್ಲಲ್ಲಿ ಕಚ್ಚಿಕೊಂಡ ದಾರದ ಹಿಂದೆ ನಿಂತುಬಿಡುತ್ತಿತ್ತು. ಆಡದ ಮಾತುಗಳನ್ನೆಲ್ಲ ಸೇರಿಸಿ ಅವಳು ಚಿಕ್ಕಂದಿನಿಂದ ಒಂದು ಲೋಕವನ್ನೇ ಕಟ್ಟಿಕೊಂಡಿದ್ದಳು. ಅದರಲ್ಲೊಂದು ನಾಡು. ಅದಕ್ಕೆ ಬೆಟ್ಟ, ನದಿ, ಎರಡು ಚಂದ್ರ. ಬೆಟ್ಟದಲ್ಲಿ ಬೆಣಚರು ಎಂಬ ಜನ. ಅವರಿದ್ದ ಕಡೆಗೆ, ತಮ್ಮ ದ್ವೀಪ ಮುಳುಗಿದ್ದರಿಂದ ತೆಪ್ಪ ಕಟ್ಟಿಕೊಂಡು ವಲಸೆ ಬಂದ ತೇಲರು ಎಂಬ ಜನ. ಕುಡಿಯುವ ನೀರಿಗಾಗಿ ಇವರಿಬ್ಬರ ನಡುವೆ ಹನ್ನೆರಡು ಬಾವಿಗಳ ಯುದ್ಧ. ಎಲ್ಲವನ್ನೂ ಆ ಹಾಳೆಯ ಮೇಲೆ ನಕ್ಷೆಯಾಗಿ ಬರೆದು, ಬಂದ ದಾರಿಗಳಿಗೆ ಬಾಣ, ಹೊಡೆದಾಡಿದ ಜಾಗಗಳಿಗೆ ಕತ್ತಿ ಹಾಕಿದ್ದಳು.

"ಇದು ಯಾವ ಊರಮ್ಮ?" ಎಂದು ನಾಳೆಯಪ್ಪ ಕೇಳಿದ.

"ಯಾವ ಊರೂ ಅಲ್ಲ ಮಾವ. ನಾನೇ ಮಾಡಿದ್ದು."

"ಸರಿ. ಕಲೆ ಮುಚ್ಚುತ್ತಾ?"

"ಮುಚ್ಚುತ್ತೆ."

ನಕ್ಷೆಯ ಬಗ್ಗೆ ಇವರಿಬ್ಬರಲ್ಲಿ ನಡೆದ ಚರ್ಚೆ ಇಷ್ಟೇ.

ನಕ್ಷೆ ಕಲೆಯನ್ನು ಮುಚ್ಚಿತು. ಆದರೆ ಕಲೆ ಸುಮ್ಮನಿರುವ ಜಾತಿಯದಲ್ಲ. ಹಿಂದಿನಿಂದ ಹಾಳೆಗೇ ಏರಿತು. ವಾರ ಕಳೆಯುವುದರೊಳಗೆ ಹಾಳೆ ಚಹಾದಲ್ಲಿ ಅದ್ದಿ ಹಿಂಡಿದಂತೆ ಕಂದಾಯಿತು, ಅಂಚು ಸುರುಳಿ ಸುತ್ತಿತು, ಶಾಯಿ ಹಬ್ಬಿ ಅಕ್ಷರಗಳಿಗೆಲ್ಲ ಮುಪ್ಪು ಬಂತು. ಹೋದ ವರ್ಷ ಬರೆದ ನಕ್ಷೆ ಗುಳುಗುಳಣ್ಣನ ನೀರು ಕುಡಿದು ಐನೂರು ವರ್ಷ ಹಳೆಯದಾಯಿತು.

ಅದನ್ನು ಮೊದಲು ಕಂಡವರು ಇಸವಿ ಮೇಷ್ಟ್ರು. ಶಾಲೆಯಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಇಸವಿ ಹೇಳದೆ ಉಪ್ಪನ್ನೂ ಕೇಳುವವರಲ್ಲ. ಪ್ಯಾಂಟಿನ ಟ್ರಯಲ್ಲಿಗೆ ಬಂದು, ಪರದೆಯ ಅನುಭವ ಬೇಡವೆಂದು ಹಳೇ ಪ್ಯಾಂಟಿನ ಮೇಲೇ ಹೊಸದನ್ನು ಏರಿಸಿಕೊಂಡು ನಿಂತಿದ್ದರು. ನಾಳೆಯಪ್ಪ ಅವರ ಕಾಲ ಬುಡದಲ್ಲಿ ಕೂತು ಪಿನ್ನು ಚುಚ್ಚುತ್ತಿದ್ದ.

"ಏನಯ್ಯಾ ಅದು, ಗೋಡೆ ಮೇಲೆ?" ಎಂದರು ಮೇಷ್ಟ್ರು. ಕನ್ನಡಕ ಏರಿಸಿ ಹತ್ತಿರ ಹೋದರು. ಪ್ಯಾಂಟಿನ ಜೊತೆ ನಾಳೆಯಪ್ಪನೂ ಎರಡು ಹೆಜ್ಜೆ ತೆವಳಿದ. "ಈ ನದಿ ತಿರುವು... ಬಸ್ ನಿಲ್ದಾಣದ ಹಿಂದಿನ ಕಾಲುವೆ! ಈ ಬೆಟ್ಟ ನಮ್ಮ ನೀರಿನ ಟ್ಯಾಂಕಿರೋ ದಿಬ್ಬ! ಇದು ನಮ್ಮೂರಿನ ಪುರಾತನ ನಕ್ಷೆ!"

"ಅಲ್ಲಿ ಎರಡು ಚಂದ್ರ ಇದೆ ಸಾರ್," ಎಂದಳು ಹುಡುಗಿ ಮೂಲೆಯಿಂದ, ಮೆಲ್ಲಗೆ.

"ಒಂದು ಹುಣ್ಣಿಮೆದು, ಒಂದು ಅಮಾವಾಸ್ಯೆದು," ಎಂದರು ಮೇಷ್ಟ್ರು. "ಕಾಣದೇ ಇರೋ ಚಂದ್ರನನ್ನೂ ಬಿಡದೆ ಬರೆದಿದ್ದಾರೆ ನೋಡಿ, ಹಿಂದಿನವರ ಪ್ರಾಮಾಣಿಕತೆ! ಬೆಣಚರು... ತೇಲರು... ಇದನ್ನ ನಾನು ಓದಿದೀನಿ. ಎಲ್ಲಿ ಅಂತ ನೆನಪಿಗೆ ಬರ್ತಿಲ್ಲ, ಇಸವಿ ನಾಲಿಗೆ ತುದೀಲಿದೆ." ಆಮೇಲೆ ಅವರು ಕೆಳಗೆ ನೋಡಿ ಕೇಳಿದರು: "ಇದು ನಿಮ್ಮ ಮನೆತನದಲ್ಲಿ ಬಂದಿದ್ದಾ? ನೀವು ಬೆಣಚರಾ?"

ನೀವು!

ಇಷ್ಟು ವರ್ಷ "ಏನಯ್ಯಾ, ನೀನು ಕಾಲರ್ ಸೊಟ್ಟ ಮಾಡಿದೀಯ" ಎನ್ನುತ್ತಿದ್ದವರು "ನೀವು" ಎಂದಿದ್ದರು. ನೆಲದ ಮೇಲೆ ಕೂತಿದ್ದ ನಾಳೆಯಪ್ಪನಿಗೆ ಯಾರೋ ಕುರ್ಚಿ ಹಾಕಿದಂತಾಯಿತು. ಅಲ್ಲ ಎಂದರೆ ಆ ಕುರ್ಚಿ ಹೋಗುತ್ತದೆ. ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ: "ನಾವು ಮೊದಲಿಂದಲೂ ಇಲ್ಲಿಯವರೇ ಮೇಷ್ಟ್ರೇ."

"ಮಾವ, ಅದು—"

"ನೀನು ಕಾಜಾ ಹಾಕಮ್ಮ."

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಮೊದಲಿಂದಲೂ ಇಲ್ಲಿಯವನಾದವನಿಗೆ ಒಂದು ಬೇಸಿಗೆ, ಒಂದು ಬೀಗ ಯಾವ ಲೆಕ್ಕ? ಬೆಣಚ ಎಂದಾದರೆ ಮೂಲೆ ಅಂಗಡಿ ಕೈಗೆ ಬಂದ ಹಾಗೆಯೇ.

ಸಂಜೆಯೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿ ವಾಪಸಾಯಿತು. ಗುಳುಗುಳಣ್ಣ ಕೈಯಲ್ಲಿ ಮೀನು ಹಿಡಿಯುವ ಪುಟ್ಟ ಬಲೆಯೊಂದಿಗೇ ನುಗ್ಗಿ ಬಂದ.

"ಏನಯ್ಯಾ, ನೀನು ಬೆಣಚ ಅಂತೆ?"

"ಹೌದು. ಮೇಷ್ಟ್ರೇ ಹೇಳಿದ್ದಾರೆ."

"ಹಾಗಾದ್ರೆ ನಾನ್ಯಾರು?"

"ನೀನೇ ನೋಡ್ಕೋ. ನೀರಲ್ಲಿ ಬಂದೋರು ತೇಲರು. ನಿನ್ನ ಅಂಗಡಿ ತುಂಬ ಏನಿದೆ?"

"ನೀರು ಮಾರೋನಲ್ಲ ನಾನು, ಮೀನು ಮಾರೋನು! ನೀನು ದಾರ ಇಟ್ಕೊಂಡಿದೀಯ ಅಂತ ನಿನ್ನನ್ನ ಜೇಡ ಅನ್ನೋಕಾಗುತ್ತಾ? ನಾನು ಬಂದಾಗ ನಿನ್ನ ಹೊಲಿಗೆ ಮೆಷಿನ್ನು ಇನ್ನೂ ಲಾರಿ ಮೇಲಿತ್ತು ಕಣಯ್ಯ!"

"ಲಾರಿ ನೋಡಿದ್ದೆ ಅಂತ ಒಪ್ಕೊಂಡ್ಯಲ್ಲ! ನನ್ನ ಲಾರಿ ಬಂದಾಗ ನೀನು ಊಟಕ್ಕೆ ಹೋಗಿದ್ದೆ ಅಂತಿದ್ದೆ?"

ಗುಳುಗುಳಣ್ಣ ಬಾಯಿ ತೆರೆದ, ಮುಚ್ಚಿದ, ತೆರೆದ. ಸಹವಾಸದಿಂದ ಮನುಷ್ಯ ಎಷ್ಟು ಬದಲಾಗುತ್ತಾನೆ! ಕೊನೆಗೆ ಅವನು ಹುಡುಗಿಯ ಕಡೆ ತಿರುಗಿ ಸ್ವಲ್ಪ ಅಳುಕಿನಿಂದಲೇ ಕೇಳಿದ: "ತಂಗಿ, ಆ ಯುದ್ಧದಲ್ಲಿ ತೇಲರು ಗೆದ್ರೋ, ಸೋತ್ರೋ?"

"ಬಾವಿಗೆಲ್ಲ ಮಣ್ಣು ಬಿತ್ತು," ಎಂದಳು ಅವಳು. "ಇಬ್ಬರೂ ಬಾಯಾರಿದ್ರು."

"ನೋಡಿದ್ಯಾ, ಸೋತಿಲ್ಲ!" ಎಂದು ಗುಳುಗುಳಣ್ಣ ಬಲೆ ಬೀಸಿಕೊಂಡು ಹೊರಟ.

ಅಂದು ಮನೆಯಲ್ಲಿ ನಾಳೆಯಪ್ಪ ಊಟಕ್ಕೆ ಕೂತಾಗ ಬೆನ್ನು ಎಂದಿಗಿಂತ ನೆಟ್ಟಗಿತ್ತು. ಹೆಂಡತಿ ವಿಷಯವನ್ನೆಲ್ಲ ಕೇಳಿಸಿಕೊಂಡಳು.

"ನೀವು ಮೊದಲಿಂದಲೂ ಇಲ್ಲಿಯವರು. ಸರಿ. ನಾನು ಬೇರೆ ಊರಿಂದ ಮದುವೆ ಆಗಿ ಬಂದೋಳು. ಹಾಗಾದ್ರೆ ನಾನು ಯಾರು?"

ನಾಳೆಯಪ್ಪ ಯೋಚಿಸಿದ. ಯೋಚಿಸದೇ ಇದ್ದರೆ ಚೆನ್ನಾಗಿತ್ತು. "ಲೆಕ್ಕದ ಪ್ರಕಾರ... ವಲಸೆ."

"ಓಹೋ. ವಲಸೆಯವರು ಅಡುಗೆ ಮಾಡಿಟ್ಟಿದ್ದಾರೆ. ಮೂಲದವರು ಬಡಿಸಿಕೊಂಡು ತಿಂದು, ಪಾತ್ರೆ ತೊಳೆದಿಟ್ಟು ಮಲಗಲಿ," ಎಂದು ಅವಳು ದೀಪ ಆರಿಸಿಯೇ ಹೋದಳು.

ಇತ್ತ ಜೆರಾಕ್ಸ್ ಅಂಗಡಿಯ ಅಕ್ಕ ನಕ್ಷೆಯ ಪ್ರತಿಗಳನ್ನು ತೆಗೆದು ಬಾಗಿಲಲ್ಲಿ ತೂಗುಹಾಕಿದಳು. ಬೀದಿಯ ಜನ ಒಂದೊಂದು ಪ್ರತಿ ಹಿಡಿದು ತಮ್ಮನ್ನು ಹುಡುಕತೊಡಗಿದರು. ವಿಚಿತ್ರವೆಂದರೆ ಎಲ್ಲರೂ ಬೆಟ್ಟದಲ್ಲೇ ಹುಡುಕುತ್ತಿದ್ದರು. ತೆಪ್ಪದ ಹತ್ತಿರ ಒಬ್ಬನೂ ಇಲ್ಲ! ಮೇಷ್ಟ್ರನ್ನು ಕೇಳಿದರೆ ಅವರು ಎಲ್ಲರನ್ನೂ ಬೆಣಚರೆಂದು ಒಪ್ಪಲು ಸಿದ್ಧರಿರಲಿಲ್ಲ. ಎಲ್ಲರೂ ಮೊದಲಿಗರಾದರೆ ಆಮೇಲೆ ಬಂದವರೆಂದು ಯಾರನ್ನು ಬಯ್ಯುವುದು? ಅವರು ಮೂರು ದಿನ ಯೋಚಿಸಿ ಒಂದು ಶಾಸ್ತ್ರ ಕಂಡುಹಿಡಿದರು.

"ಬೆಟ್ಟದ ಜನ ಹೊರೆ ಹೊತ್ತು ಹೊತ್ತು ಕುತ್ತಿಗೆ ದಪ್ಪ ಆಗಿರುತ್ತೆ. ತೆಪ್ಪದೋರು ದೂರಕ್ಕೆ ಇಣುಕಿ ಇಣುಕಿ ಕುತ್ತಿಗೆ ಸಣ್ಣ, ಉದ್ದ. ಹದಿನೈದೂವರೆ ಇಂಚಿನ ಮೇಲಿದ್ರೆ ಬೆಣಚ."

ಆ ಬೀದಿಯಲ್ಲಿ ಕುತ್ತಿಗೆ ಅಳೆಯುವ ಅಧಿಕಾರವಿದ್ದವನು ಒಬ್ಬನೇ. ನಾಳೆಯಪ್ಪನ ಅಂಗಡಿಯ ಮುಂದೆ ಸಾಲು ನಿಂತಿತು. ಅಂಗಿ ಹೊಲಿಸಲು ಯಾರೂ ಬಂದಿರಲಿಲ್ಲ; ಎಲ್ಲರೂ ಗಲ್ಲ ಎತ್ತಿಕೊಂಡು ಬಂದಿದ್ದರು. ಉಸಿರು ಬಿಗಿಹಿಡಿದು ಕುತ್ತಿಗೆ ಉಬ್ಬಿಸಿದವರೆಷ್ಟೋ, ಕಾಲರಿನೊಳಗೆ ಕರವಸ್ತ್ರ ಸುತ್ತಿಕೊಂಡು ಬಂದು ಸಿಕ್ಕಿಬಿದ್ದವರೆಷ್ಟೋ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಬೆಣಚನಾಗಿ ತಮ್ಮ ತೇಲನಾಗಿ, ಇಬ್ಬರೂ ಅಲ್ಲೇ ಕೈಕೈ ಮಿಲಾಯಿಸಿದರು. ಆ ಕ್ಷಣವೇ ತೀರ್ಪು ಸಿಗುತ್ತಿದ್ದುದರಿಂದ, ಜೀವಮಾನದಲ್ಲಿ ಮೊದಲ ಬಾರಿಗೆ ನಾಳೆಯಪ್ಪ ಯಾರಿಗೂ ನಾಳೆ ಎನ್ನಲಿಲ್ಲ.

ಕೊನೆಗೆ ಗುಳುಗುಳಣ್ಣನೂ ಬಂದು ಅಂಗಿಯ ಗುಂಡಿ ಬಿಚ್ಚಿ ನಿಂತ. "ಅಳಿ."

ನಾಳೆಯಪ್ಪ ಟೇಪು ಸುತ್ತಿದ. ಮತ್ತೆ ಸುತ್ತಿದ. ಹದಿನೇಳು! ಗೂಳಿಯ ಕುತ್ತಿಗೆ.

"ಈಗ ನಿನ್ನದು ಅಳ್ಕೊ," ಎಂದ ಗುಳುಗುಳಣ್ಣ.

ಬೀದಿಯೆಲ್ಲ ನೋಡುತ್ತಿತ್ತು. ಟೇಪು ಕಸಿದುಕೊಂಡು ಜೆರಾಕ್ಸ್ ಅಕ್ಕನೇ ಅಳೆದಳು. "ಹದಿಮೂರೂವರೆ!" ಎಂದು ಕೂಗಿದಳು. "ಅಯ್ಯೋ, ಇದು ಕುತ್ತಿಗೆಯಾ, ಕೊಡೆ ಹಿಡಿಯಾ!"

ಮೂಲೆ ಅಂಗಡಿಯ ಚಿಲಕ ನಾಳೆಯಪ್ಪನ ಕಣ್ಣೆದುರೇ ಬೇರೆಯವರ ಕೈಗೆ ಹೋಗುತ್ತಿತ್ತು. ಅವನು ರೋಷದಿಂದ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರ ಹೊಸ ಪ್ಯಾಂಟು ಇನ್ನೂ ಅವನ ಮೇಜಿನ ಮೇಲೇ ಇತ್ತು. ಅವರು ಕೆಮ್ಮಿ ಹೇಳಿದರು: "ರಾಜಮನೆತನದ ಬೆಣಚರು ಹೊರೆ ಹೊರ್ತಿರಲಿಲ್ಲ. ಅವರಿಗೆ ಕುತ್ತಿಗೆ ಸಣ್ಣ."

"ಕೇಳಿದ್ರಾ!" ಎಂದ ನಾಳೆಯಪ್ಪ, ತನ್ನ ರಾಜವಂಶದ ಕುತ್ತಿಗೆಯನ್ನು ನೀವಿಕೊಳ್ಳುತ್ತ.

ಆದರೂ ಅವನಿಗೆ ನೆಮ್ಮದಿಯಿಲ್ಲ. ಹಸಿಕಲೆ ನಕ್ಷೆಯ ಬೆಟ್ಟದ ಬುಡಕ್ಕೆ ಬಂದಿತ್ತು. ತನ್ನ ಸೀಮೆಯೇ ಕಣ್ಣೆದುರು ಮುಳುಗುವುದನ್ನು ಕಂಡು ಸಿಟ್ಟು ತಡೆಯಲಾರದೆ ನಗರಸಭೆಗೆ ಹೋಗಿ ದೂರು ಕೊಟ್ಟ. ಕೊಡುವಾಗ ಗೋಡೆ, ತೊಟ್ಟಿ ಎಂಬ ಮಾತುಗಳು ಬಾಯಿಗೆ ಬರಲಿಲ್ಲ. "ತೇಲರು ದಿನಾ ಒಳಗೆ ನುಗ್ತಿದಾರೆ ಸಾರ್. ಬೆಣಚರ ಜಾಗ ಅರ್ಧ ಹೋಯ್ತು. ಇನ್ನು ಸುಮ್ಮನಿದ್ರೆ ಬೆಟ್ಟ ಹತ್ತುತಾರೆ!" ಎಂದು ಮೇಜು ಕುಟ್ಟಿ ಬಂದ.

ಮರುದಿನ ಇನ್ಸ್‌ಪೆಕ್ಟರ್ ಬಂದಿಳಿದರು. ಹಿಂದೆ ಇಬ್ಬರು ಆಳುಗಳು, ಒಂದು ಅಳತೆಯ ಹಗ್ಗ.

"ಎಲ್ರೀ ಒತ್ತುವರಿ? ಗುಡಿಸಲು ಎಷ್ಟು ಹಾಕಿದಾರೆ?"

"ಗುಡಿಸಲು ಇಲ್ಲ ಸಾರ್. ಗೋಡೇಲಿ ಬಂದಿದಾರೆ."

"ಗೋಡೇಲಿ? ಎಷ್ಟು ಜನ?"

"ಒಬ್ಬನೇ ಸಾರ್. ಪಕ್ಕದಲ್ಲೇ ಕೂತಿದಾನೆ."

ಇನ್ಸ್‌ಪೆಕ್ಟರ್ ಪಕ್ಕದ ಅಂಗಡಿಗೆ ಹೋದರು. "ಏನ್ರೀ, ತೇಲರು ನೀವೇನಾ? ಯಾವಾಗ ಬಂದ್ರಿ? ಯಾರ ಅನುಮತಿ ತಗೊಂಡು ಬಂದ್ರಿ?"

"ಯಾರು ಸಾರ್ ತೇಲ!" ಎಂದು ಗುಳುಗುಳಣ್ಣ ಹಾರಿಬಿದ್ದ. "ಹದಿನೇಳಿಂಚು! ಬೇಕಾದ್ರೆ ಅಳೆದು ನೋಡಿ! ಈ ಬೀದೀಲಿ ನನ್ನಷ್ಟು ಬೆಣಚ ಇನ್ನೊಬ್ಬನಿಲ್ಲ!"

"ಅವನು ಆಳು ಬೆಣಚ ಸಾರ್, ನಾನು ರಾಜ ಬೆಣಚ!" ಎಂದು ಈ ಕಡೆಯಿಂದ ನಾಳೆಯಪ್ಪ.

ಹುಡುಗಿ ಗುಂಡಿ ಹೊಲಿಯುವುದನ್ನು ನಿಲ್ಲಿಸಿ ಎದ್ದಳು. "ಸಾರ್, ಇವರ್ಯಾರೂ ನಿಜವಾಗಿ ಇಲ್ಲ."

"ಇಲ್ಲದೇ ಇರೋರೇ ನಮಗೆ ಜಾಸ್ತಿ ಕೆಲಸ ಕೊಡೋದು ತಾಯಿ," ಎಂದರು ಇನ್ಸ್‌ಪೆಕ್ಟರ್ ಬೇಸರದಿಂದ. ಆಮೇಲೆ ಸುತ್ತ ನೋಡಿ, ಸ್ವರ ತಗ್ಗಿಸಿ, ಕಾಲರಿನ ಗುಂಡಿ ಸಡಿಲಿಸಿದರು. "ಅಂದ ಹಾಗೆ... ನನ್ನದು ಎಷ್ಟಿರಬಹುದು?"

ಹದಿನೈದು ಬಂತು. ಇನ್ಸ್‌ಪೆಕ್ಟರರ ಮುಖ ಸಪ್ಪಗಾಯಿತು. ಅಧಿಕಾರಿಗೆ ಅರ್ಧ ಇಂಚಿನ ಅನ್ಯಾಯವಾದರೆ ಅದರ ಫಲ ಸಾರ್ವಜನಿಕರೇ ಉಣ್ಣಬೇಕು. ಅವರು ನಡುಗೋಡೆಯ ಮೇಲೆ ಒಂದು ನೋಟೀಸು ಅಂಟಿಸಿ ಹೋದರು: "ಮುಂದಿನ ಆದೇಶದವರೆಗೆ ಬೆಣಚರೂ ತೇಲರೂ ಯಥಾಸ್ಥಿತಿಯಲ್ಲಿ ಇರತಕ್ಕದ್ದು."

ಅಲ್ಲಿಗೆ ಸಂಶಯಪಡುತ್ತಿದ್ದ ನಾಲ್ಕು ಜನರ ಬಾಯೂ ಮುಚ್ಚಿತು. ಸರಕಾರವೇ ಬರೆದ ಮೇಲೆ ಸುಳ್ಳಾಗಲು ಸಾಧ್ಯವೇ?

ಭಾನುವಾರ ಓನರಮ್ಮ ಬಂದರು. ಜೊತೆಗೆ ಅಳಿಯ, ಅತ್ತೆಗೆ ಕೊಡೆ ಹಿಡಿದುಕೊಂಡು. ಮೂಲೆ ಅಂಗಡಿಯ ಮುಂದೆ ಕುರ್ಚಿ ಹಾಕಿಸಿ ಕೂತ ಓನರಮ್ಮ ಸೇರಿದ ಜನವನ್ನು ನೋಡಿ ಬೆರಗಾದರು. "ಇದೇನು, ಬಾಡಿಗೆ ಹೆಚ್ಚು ಮಾಡಿದಾಗಲೂ ಇಷ್ಟು ಜನ ಸೇರಿರಲಿಲ್ಲ!"

ಮೇಷ್ಟ್ರು ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಂಟೆ ಮಾತಾಡಿದರು. ಓನರಮ್ಮ ನಡುವೆ ಒಮ್ಮೆ ನಿದ್ದೆ ಮಾಡಿ ಎದ್ದರು. "ಅಂದ್ರೆ ಈ ಟೈಲರೇ ಮೊದಲಿನವನು, ಅಲ್ವಾ?"

ನಾಳೆಯಪ್ಪ ಕೈಮುಗಿದ. ಚಿಲಕದ ಸದ್ದು ಅವನ ಕಿವಿಗೇ ಕೇಳಿಸಿತು.

"ಸುಳ್ಳು ಓನರಮ್ಮ!" ಗುಳುಗುಳಣ್ಣ ಜನವನ್ನು ತಳ್ಳಿಕೊಂಡು ಮುಂದೆ ಬಂದ. "ಆ ಹಾಳೆ ಹಳೇದಲ್ಲ! ಅದು ಹಳೇದಾಗಿದ್ದೇ ನನ್ನ ತೊಟ್ಟಿ ನೀರಿಂದ! ನನ್ನ ನೀರು ಗೋಡೇಲಿ ಇಳಿದಿದ್ದಕ್ಕೆ ಇವನು ರಾಜ ಆಗಿದಾನೆ!"

"ಒಪ್ಕೊಂಡ! ನೀರು ತನ್ನದು ಅಂತ ಒಪ್ಕೊಂಡ!" ಎಂದು ನಾಳೆಯಪ್ಪ ಕುಣಿದ. ಕುಣಿಯುವಾಗಲೇ, ತಾನು ಯಾವುದಕ್ಕೆ ಕುಣಿಯುತ್ತಿದ್ದೇನೆಂದು ಅರ್ಥವಾಗಿ ಒಂದು ಕಾಲು ಮೇಲೆತ್ತಿದಂತೆಯೇ ನಿಂತುಬಿಟ್ಟ.

"ಹಾಗಾದ್ರೆ ಇದನ್ನ ಬರೆದೋರು ಯಾರು?" ಎಂದರು ಓನರಮ್ಮ.

ಹುಡುಗಿ ಹಿಂದಿನಿಂದ ಬಂದಳು. ಮುಖ ಕೆಂಪಗಾಗಿತ್ತು. ಅದು ನಾಚಿಕೆಯ ಕೆಂಪೆಂದೇ ಎಲ್ಲರೂ ತಿಳಿದರು.

"ನಾನು ಬರೆದಿದ್ದು. ಪೂರ್ತಿ ನಾನೇ. ಕುತ್ತಿಗೆ ಬಗ್ಗೆ ನಾನು ಬರೆದೇ ಇಲ್ಲ!" ಅವಳ ಧ್ವನಿ ಇಷ್ಟು ದೊಡ್ಡದೆಂದು ಅವಳ ಮಾವನಿಗೂ ಗೊತ್ತಿರಲಿಲ್ಲ. "ರಾಜ ಬೆಣಚರು ಅಂತ ಯಾರೂ ಇಲ್ಲ! ಎಲ್ಲರೂ ಬೆಟ್ಟದಲ್ಲೇ ನಿಂತ್ಕೊಂಡು ತೆಪ್ಪದೋರನ್ನ ಬಯ್ತಿದೀರಲ್ಲ, ಬೆಣಚರೂ ಮೊದಲಿನವರಲ್ಲ. ಅವರೂ ಕಣಿವೆ ದಾಟಿ ಬಂದೋರೇ. ನಕ್ಷೆಯ ಮೇಲ್ಗಡೆ ಬಾಣ ಹಾಕಿದೀನಿ, ಒಬ್ಬರೂ ನೋಡಿಲ್ಲ. ಅವರು ಬಂದಾಗ ಅಲ್ಲಿ ಬೇರೆ ಜನ ಇದ್ರು. ಆ ಹನ್ನೆರಡು ಬಾವಿ ತೋಡಿದ್ದೇ ಅವರು. ಬೆಣಚರು ಅವರನ್ನ ಓಡಿಸಿ ಬಾವಿ ಕಿತ್ಕೊಂಡ್ರು. ಹೆಸರು ಕೂಡ ಉಳಿಸಲಿಲ್ಲ."

ಜನ ತಮ್ಮ ತಮ್ಮ ಪ್ರತಿ ಬಿಚ್ಚಿ ಮೇಲ್ಗಡೆಯ ಬಾಣ ಹುಡುಕತೊಡಗಿದರು.

"ಇದಕ್ಕೆ ಆಧಾರ?" ಎಂದರು ಮೇಷ್ಟ್ರು.

"ನಾನೇ ಮಾಡಿದ್ದು ಅಂತಿದೀನಲ್ಲ ಸಾರ್!"

"ನೀನು ಮಾಡಿರಬಹುದಮ್ಮ. ಹಾಗಂತ ನಿನಗೆ ಅದರ ಇತಿಹಾಸ ಗೊತ್ತಿರಬೇಕು ಅಂತೇನಿಲ್ಲ."

ಅಷ್ಟರಲ್ಲಿ ಜೆರಾಕ್ಸ್ ಅಕ್ಕ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸುತ್ತಿದ್ದವಳು ಬಾಯಿ ಬಿಟ್ಟಳು. "ಆ ಹೆಸರಿಲ್ಲದೋರು ಅಂದ್ಯಲ್ಲ... ಅವರು ನಾವೇ ಇರಬಹುದು. ನಮ್ಮ ಮನೇಲಿ ಮುತ್ತಾತನ ಹೆಸರು ಯಾರಿಗೂ ಗೊತ್ತಿಲ್ಲ."

"ನಮಗೆ ತಾತಂದೇ ಗೊತ್ತಿಲ್ಲ!" ಎಂದಿತು ಹಿಂದಿನಿಂದ ಒಂದು ದನಿ.

"ನನಗೆ ನಮ್ಮಪ್ಪನ ಪೂರ್ತಿ ಹೆಸರು ಗೊತ್ತಿಲ್ಲ!" ಎಂದ ಗುಳುಗುಳಣ್ಣ ಎದೆ ತಟ್ಟಿಕೊಂಡು.

"ನನ್ನ ಹೆಸರೇ ಈ ಬೀದೀಲಿ ಯಾರಿಗೂ ಗೊತ್ತಿಲ್ಲ!" ಎಂದು ನಾಳೆಯಪ್ಪ ಗಂಟಲು ಹರಿಯುವಂತೆ ಕೂಗಿದ. ಅದು ಅಪ್ಪಟ ನಿಜ. ಅದಕ್ಕಾಗಿಯೇ ಯಾರೂ ನಂಬಲಿಲ್ಲ.

ಹೀಗೆ ಮೂರು ವಾರ ಬೆಣಚರಾಗಲು ಬಡಿದಾಡಿದ ಬೀದಿ ಮೂರು ನಿಮಿಷದಲ್ಲಿ ಬೆಣಚರನ್ನು ಕೈಬಿಟ್ಟಿತು. ಮೇಷ್ಟ್ರಂತೂ ಬೆಣಚರ ಕ್ರೌರ್ಯವನ್ನು ತಾವು ಮೊದಲೇ ಶಂಕಿಸಿದ್ದಾಗಿ ತಿಳಿಸಿದರು. ಹುಡುಗಿ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಮೇಷ್ಟ್ರ ಕೈಯಿಂದ ನಕ್ಷೆ ಕಿತ್ತುಕೊಂಡು, ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

ಓನರಮ್ಮ ಕೈಯೆತ್ತಿದರು. ಸದ್ದಡಗಿತು.

"ಮಗಳೇ, ಬಾವಿ ತೋಡಿದೋರು ಮೊದಲಿನವರು ಅಂದ್ಯಾ?"

"ಹೂಂ."

"ಈ ಸಾಲಿನ ಹಿಂದೆ ಬಾವಿ ತೋಡಿಸಿದ್ದು ನಮ್ಮಪ್ಪ." ಅವರು ಕುರ್ಚಿಯಿಂದ ಎದ್ದರು. "ಹಾಗಾದ್ರೆ ಮೊದಲಿಂದ ಇರೋರು ನಾವೇ ಆಯ್ತು. ನ್ಯಾಯ ಅಂದ್ರೆ ನ್ಯಾಯ. ಅಳಿಯಂದ್ರೇ, ಬೀಗದ ಕೈ ತಗೊಳ್ಳಿ."

ಅಳಿಯ ಕೊಡೆಯನ್ನು ಮಡಚಿ ಬೀಗದ ಕೈ ತಗೊಂಡ.

ಆ ಮೂಲೆಯಲ್ಲಿ ಈಗ ಅಳಿಯನ ಮೊಬೈಲ್ ಅಂಗಡಿ. ಬಾಗಿಲಲ್ಲಿ ಆಳೆತ್ತರದ ಎರಡು ಸ್ಪೀಕರುಗಳು. ಚಿಲಕವಿರುವ ಕೋಣೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತುಂಬಿದ್ದಾನೆ. ಹಾಡು ಶುರುವಾದರೆ ನಾಳೆಯಪ್ಪನ ಸೂಜಿ ಗೆರೆ ತಪ್ಪಿ ತೋಳು ಜೇಬಿಗೆ ಸೇರಿಕೊಳ್ಳುತ್ತದೆ. ಗುಳುಗುಳಣ್ಣನ ಮೀನುಗಳು ಕಲ್ಲಿನ ಸಂದಿಗೆ ಹೋದರೆ ಗಿರಾಕಿ ಬಂದು ಕರೆದರೂ ಹೊರಬರುವುದಿಲ್ಲ. ಸಂಜೆಯಾದರೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತು, ಒಂದೇ ಚಹಾವನ್ನು ಎರಡು ಲೋಟಕ್ಕೆ ಹಂಚಿಕೊಂಡು, ಮೂಲೆಯ ಕಡೆ ಒಂದೇ ನೋಟ ಬೀರುತ್ತಾರೆ.

"ನಿನ್ನೆ ಮೊನ್ನೆ ಬಂದೋನು," ಎನ್ನುತ್ತಾನೆ ನಾಳೆಯಪ್ಪ.

"ಎಲ್ಲಿಂದ ಬಂದನೋ," ಎನ್ನುತ್ತಾನೆ ಗುಳುಗುಳಣ್ಣ. "ನಾವು ಇಷ್ಟು ವರ್ಷದಿಂದ ಇರೋರು, ನಮ್ಮನ್ನ ಒಂದು ಮಾತು ಕೇಳಿದನಾ?"

ಹೀಗೊಂದು ಸಂಜೆ ಸಿಟ್ಟು ನೆತ್ತಿಗೇರಿ ಇಬ್ಬರೂ ಒಳಗೆ ಹೋಗಿ ಹುಡುಗಿಯ ಮುಂದೆ ನಿಂತರು.

"ಅಮ್ಮಾ, ನಿನ್ನ ಆ ನಾಡಿಗೆ ಇನ್ನೊಂದು ಜನ ಬರ್ಲಿ," ಎಂದ ನಾಳೆಯಪ್ಪ. "ಬಹಳ ಕೆಟ್ಟ ಜನ. ಗದ್ದಲ ಮಾಡೋರು. ತಲೆ ಮೇಲೆ ಕೊಂಬಿರೋರು."

ಹುಡುಗಿ ದಾರ ಕಡಿದು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಬರೀತೀನಿ ಮಾವ. ಆದ್ರೆ ಮೂರು ತಲೆಮಾರು ಕಳೆದ್ರೆ ಅವರೂ ನಾವೇ ಮೊದಲಿಂದ ಇರೋರು ಅಂತಾರೆ. ಅಲ್ಲಿಗೆ ಬರೋರೆಲ್ಲ ಹಾಗೇ ಅನ್ನೋದು."

ಮಾವನೂ ಮೀನಿನವನೂ ಮುಖ ಮುಖ ನೋಡಿಕೊಂಡರು.

"ಮೂರು ತಲೆಮಾರು ಆಗೋವರೆಗೆ?" ಎಂದ ನಾಳೆಯಪ್ಪ.

"ಅಲ್ಲೀವರೆಗೆ ಹೊರಗಿನವರೇ."

"ಹಾಗಾದ್ರೆ ಕೊಂಬಿರ್ಲಿ."

"ಒಬ್ಬೊಬ್ಬನಿಗೂ ಎರಡೆರಡು," ಎಂದ ಗುಳುಗುಳಣ್ಣ.